ಬಾಳೆಗುಳಿಯ ಮೂಗು

ಹೆಸರು ಬರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. "ನಿನ್ನ ಬರಹದಾಗೆ ನನ್ನ ಹೆಸ್ರು ಬಂತು ಅಂದ್ರೆ ನಿನ್ನ ಗಾಡಿಯ ನಾಕೂ ಚಕ್ರದ ನಟ್ಟು ಅರ್ಧರ್ಧ ಸಡ್ಲ ಮಾಡಿ ಬಿಡ್ತೆ. ಪೂರ್ತಿ ಅಲ್ಲ, ಅರ್ಧ. ಎಲ್ಲಿ ಕಳಚ್ತದೆ ಅಂತ ನಿಂಗೂ ಗೊತ್ತಾಗೂಕಾಗ" ಎಂದು ಅವರು ಹೇಳಿದ್ದಾರೆ. ನಟ್ಟಿನ ವಿಷಯದಲ್ಲಿ ಅವರು ಯಾವತ್ತೂ ತಮಾಷೆ ಮಾಡಿದವರಲ್ಲ. ಆದ್ದರಿಂದ ಊರೆಲ್ಲ ಕರೆಯುವಂತೆ ನಾನೂ ಮೇಸ್ತ್ರಿ ಎಂದಷ್ಟೇ ಕರೆಯುತ್ತೇನೆ.

ಅಂಕೋಲೆಯಿಂದ ಹುಬ್ಬಳ್ಳಿ ರಸ್ತೆ ಕವಲೊಡೆಯುವ ಬಾಳೆಗುಳಿಯಲ್ಲಿ, ಹೆದ್ದಾರಿಯ ಪಕ್ಕ ಅವರ ಗ್ಯಾರೇಜು ಇತ್ತು. ಗ್ಯಾರೇಜು ಎಂದರೆ ನಾಲ್ಕು ಕಂಬ, ಮೇಲೆ ತಗಡು, ಹಿಂದೆ ಒಂದು ಶಟರಿನ ಕೋಣೆ. ಈಗ ಆ ಶಟರು ಇಳಿದಿದೆ. ಮೇಸ್ತ್ರಿ ಹಣಕೋಣದಲ್ಲಿ ಹೆಂಡತಿಯ ತವರಿನ ಜಾಗದಲ್ಲಿ ಬದನೆ ಬೆಳೆಯುತ್ತಿದ್ದಾರೆ. ಬದನೆ ಗಿಡಕ್ಕೆ ರೋಗ ಬಂದರೆ ಎಲೆ ನೋಡಿದರೆ ಸಾಕು, ಮೂಸಬೇಕಾಗಿಲ್ಲ ಎನ್ನುವುದು ಆ ಕಸುಬಿನಲ್ಲಿ ಅವರಿಗೆ ಕಂಡ ದೊಡ್ಡ ಅನುಕೂಲ.

ನಾನು ಕಾರವಾರದವನು. ಬಾಡಿಗೆ ಕಾರು ಓಡಿಸುತ್ತೇನೆ. ಮದುವೆ ದಿನಗಳಲ್ಲಿ ಆರ್ಕೆಸ್ಟ್ರಾದವರ ಜೊತೆ ಸೇರಿ ಮಿಮಿಕ್ರಿ ಮಾಡುತ್ತೇನೆ. ಮಿಮಿಕ್ರಿಯಲ್ಲಿ ಜನ ಎದುರಿಗೆ ಕೂತು ನಗುತ್ತಾರೆ, ಕಾರಿನಲ್ಲಿ ಹಿಂದೆ ಕೂತು ನಗುತ್ತಾರೆ. ನನಗೆ ಅಷ್ಟೇ ವ್ಯತ್ಯಾಸ.

ಮೇಸ್ತ್ರಿಯ ಪರಿಚಯ ಆದದ್ದು ವಾಸನೆಯಿಂದ. ನನ್ನ ಕಾರಿನಲ್ಲಿ ಒಂದು ದಿನ ರಬ್ಬರ್ ಸುಟ್ಟ ನಾತ ಶುರುವಾಯಿತು. ಹತ್ತು ನಿಮಿಷ ಓಡಿಸಿದರೆ ಸಾಕು, ಯಾರೋ ಡಿಕ್ಕಿಯಲ್ಲಿ ಕೂತು ಟೈರು ಹುರಿಯುತ್ತಿರುವಂತೆ. ಕಾರವಾರದಲ್ಲಿ ಮೂಗು ಇರುವವರೆಲ್ಲ ಮೆಕ್ಯಾನಿಕ್ಕುಗಳೇ. ಪಕ್ಕದ ಮನೆಯವರು ಬೆಲ್ಟ್ ಎಂದರು, ಬೆಲ್ಟ್ ಬದಲಿಸಿದೆ. ಸ್ಟ್ಯಾಂಡಿನವರು ಕ್ಲಚ್ ಎಂದರು, ಕ್ಲಚ್ ಪ್ಲೇಟೂ ಹೋಯಿತು. ಅಮ್ಮ ಯಾರದೋ ಕಣ್ಣು ಬಿದ್ದಿದೆ ಎಂದು ಒಣಮೆಣಸು ನಿವಾಳಿಸಿ ಕಾರಿನ ಬಾಗಿಲಲ್ಲೇ ಸುಟ್ಟರು. ಅಲ್ಲಿಂದ ಮುಂದೆ ಎರಡು ನಾತ. ಗೋಕರ್ಣಕ್ಕೆ ಹೊರಟ ಒಂದು ಕುಟುಂಬ ಅರ್ಗಾದಲ್ಲಿ ಕಾರು ನಿಲ್ಲಿಸಲು ಹೇಳಿ, ಬಹಳ ಮರ್ಯಾದೆಯಿಂದ ಕೈ ಮುಗಿದು, ಬಸ್ಸು ಹತ್ತಿತು. ಅವತ್ತು ಯಾರೋ ಹೇಳಿದರು, ಬಾಳೆಗುಳಿಯಲ್ಲಿ ಒಂದು ಮೂಗು ಇದೆ, ಹೋಗಿ ತೋರಿಸು ಎಂದು.

ಹೋದೆ. ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಒಬ್ಬರು ಚಹಾ ಕುಡಿಯುತ್ತಿದ್ದರು. ಸಣಕಲು ದೇಹ, ಸೊಂಟಕ್ಕಿಂತ ಎರಡು ಅಳತೆ ದೊಡ್ಡ ಖಾಕಿ ಚಡ್ಡಿ, ಮುಖದಲ್ಲಿ ಮೊದಲು ಕಾಣುವುದು ಮೂಗು. ನಾನು ಬೆಲ್ಟಿನಿಂದ ಮೆಣಸಿನವರೆಗೆ ಪೂರ್ತಿ ಪುರಾಣ ಹೇಳಿದೆ. ಅವರು ಚಹಾ ಮುಗಿಸಿ ಎದ್ದರು. ಕನ್ನಡಕ ತೆಗೆದು ಬಾನೆಟ್ಟಿನ ಮೇಲಿಟ್ಟರು. ನಾನು ಬಾನೆಟ್ ತೆಗೆಯಲು ಬಗ್ಗಿದೆ.

"ತೆಗಿಬೇಡ. ತೆಗ್ದ್ರೆ ಗಾಳಿ ಬಂದು ಎಲ್ಲಾ ಕಲಸ್ತದೆ."

ಕಣ್ಣು ಮುಚ್ಚಿ ಮೂಸಿದರು. ಎರಡು ಗಿಡ್ಡ ಉಸಿರು, ಒಂದು ಉದ್ದ ಉಸಿರು. ಎಡಗಡೆಯ ಮುಂದಿನ ಚಕ್ರದ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತು ಇನ್ನೊಮ್ಮೆ ಮೂಸಿದರು.

"ದೇವಬಾಗಕ್ಕೆ ಹೋಗಿದ್ಯಾ ಈಗಿತ್ಲಾಗೆ?"

"ಹೋಗಿದ್ದೆ. ಯಾರು ಹೇಳಿದ್ರು?"

"ನಿನ್ನ ಗಾಡಿ. ಗ್ರೀಸು ಸುಡ್ತಾ ಅದೆ, ಅದ್ರ ಸಂಗಡ ನೈಲಾನು, ಅದ್ರ ಸಂಗಡ ಉಪ್ಪು. ಬಲೆ ಒಣಗ್ಸೂ ಜಾಗದಾಗೆ ಗಾಡಿ ಹತ್ಸಿದ್ಯಾ ಹೇಳು."

ಹತ್ತಿಸಿದ್ದೆ. ಪ್ರವಾಸಿಗಳನ್ನು ದೋಣಿಯ ಹತ್ತಿರಕ್ಕೇ ಇಳಿಸುವ ಉಮೇದಿನಲ್ಲಿ ಮರಳಿಗೆ ಇಳಿಸಿ, ಹಿಂದೆ ಬರುವಾಗ ಹರಿದ ಬಲೆಯ ರಾಶಿಯ ಮೇಲೆ ಹಾಯಿಸಿದ್ದೆ. ಮೇಸ್ತ್ರಿ ಗಾಡಿಯ ಅಡಿಗೆ ತೂರಿ ಟಾರ್ಚು ಬಿಟ್ಟು ತೋರಿಸಿದರು. ಚಕ್ರಕ್ಕೆ ಹೋಗುವ ಆಕ್ಸಲ್ಲಿನ ಸುತ್ತ ಹಸಿರು ನೈಲಾನ್ ದಾರ ಬಿಗಿದು, ಅಲ್ಲಿರುವ ರಬ್ಬರ್ ಚೀಲವನ್ನು ಕತ್ತರಿಸಿತ್ತು. ಚೀಲದೊಳಗಿನ ಗ್ರೀಸು ಹೊರಗೆ ಚಿಮ್ಮಿ ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬೀಳುತ್ತಿತ್ತು.

"ಬಲೆಯವ್ರು ನೋಡಿದ್ರೆ ಬಲೆ ಬಿಟ್ಟು ನಿನ್ನನ್ನೇ ಒಣಗ್ಸತಿದ್ರು" ಎನ್ನುತ್ತ ಬ್ಲೇಡಿನಿಂದ ಒಂದೊಂದೇ ಎಳೆ ಬಿಡಿಸಿದರು. ಹೊಸ ರಬ್ಬರ್ ಚೀಲ ಹಾಕಿ, ಗ್ರೀಸು ತುಂಬಿ, ಪೈಪು ಒರೆಸಿದರು. "ನಾಳೆ ಸಂಜೆವರೆಗೆ ನಾತ ಬರ್ತದೆ. ಮೆತ್ತಿದ್ದು ಸುಟ್ಟು ಹೋಗ್ಬೇಕಲ್ಲ. ಹೆದ್ರಿ ಮತ್ತೆ ಮೆಣ್ಸು ಸುಡ್ಬೇಡ ಅಂತ ನಿನ್ನ ಅಮ್ಮಂಗೆ ಹೇಳು." ಮರುದಿನ ಸಂಜೆ ನಾತ ನಿಂತಿತು. ನಾನು ಅವರ ಭಕ್ತನಾದೆ. ಯಾರನ್ನೂ ಅಣಕಿಸದೆ ಬಿಡುವ ಸ್ವಭಾವ ನನ್ನದಲ್ಲ, ಆದ್ದರಿಂದ ದೇವರನ್ನೂ ಬಿಡಲಿಲ್ಲ.

ಅವರ ಲೆಕ್ಕದಲ್ಲಿ ಒಂದೊಂದು ಸುಡುವಿಕೆಗೂ ಒಂದೊಂದು ಅಡುಗೆಮನೆ. ಬೆಲ್ಟ್ ಜಾರಿ ಸುಟ್ಟರೆ ಹವಾಯಿ ಚಪ್ಪಲಿಯನ್ನು ಬಚ್ಚಲ ಒಲೆಗೆ ಹಾಕಿದ ನಾತ. ಅರ್ಧ ಕ್ಲಚ್ಚಿನಲ್ಲಿ ಘಟ್ಟ ಹತ್ತಿಸಿದರೆ ಗೇರುಬೀಜ ಸುಡುವ ಹೊಗೆ. ಬ್ರೇಕು ಹಿಡಿದುಕೊಂಡರೆ ಕಂಬಳಿ ಕರಿದಂತೆ. ಎಂಜಿನ್ನಿನ ಎಣ್ಣೆ ಸೋರಿ ಪೈಪಿನ ಮೇಲೆ ಬಿದ್ದರೆ ನಾಲ್ಕನೇ ದಿನದ ಎಣ್ಣೆಯಲ್ಲಿ ಭಜಿ ಬಿಟ್ಟಂತೆ. ರಸ್ತೆಯಲ್ಲಿ ಹಾರಿದ ಪ್ಲಾಸ್ಟಿಕ್ ಚೀಲ ಸೈಲೆನ್ಸರಿಗೆ ಅಂಟಿದ್ದರೂ ರಬ್ಬರ್ ಸುಟ್ಟಿತು ಎಂದು ಜನ ಗಾಬರಿಯಾಗಿ ಬರುತ್ತಿದ್ದರು. ಅಂಥವರನ್ನು ಮೇಸ್ತ್ರಿ ಒಂದು ಚಹಾದ ಹೊತ್ತು ಕೂರಿಸಿ, ಪೈಪು ತಣಿದ ಮೇಲೆ ಚೀಲ ಕೆರೆದು, ಕೈಗೆ ಕೊಟ್ಟು ಕಳಿಸುತ್ತಿದ್ದರು. "ಅಂಗ್ಡಿ ಹೆಸ್ರು ಓದೂಕೆ ಬರ್ತದೆ ನೋಡು. ಅವ್ರಿಗೇ ಹೋಗಿ ಬೈ."

ಅಂಕೋಲೆಯ ಒಂದು ಮದುವೆಯಲ್ಲಿ ನಾನು ವೇದಿಕೆಯ ಮೇಲೆ ಅವರನ್ನು ಮಾಡಿದೆ. ಕನ್ನಡಕ ತೆಗೆಯುವುದು, ಚಡ್ಡಿ ಎಳೆದುಕೊಳ್ಳುವುದು, ಎರಡು ಗಿಡ್ಡ, ಒಂದು ಉದ್ದ. ಮದುಮಗನ ಕುತ್ತಿಗೆಯ ಹತ್ತಿರ ಮೂಸಿ "ಕ್ಲಚ್ಚು ಹೊಸದು, ಓಡ್ಸೂಕೆ ಬರೂದಿಲ್ಲ" ಎಂದೆ. ಸಭಾಗೃಹ ಬಿದ್ದು ಬಿದ್ದು ನಕ್ಕಿತು. ಆಮೇಲೆ ನೋಡಿದರೆ ಮೇಸ್ತ್ರಿ ಮೂರನೇ ಸಾಲಿನಲ್ಲೇ ಕೂತಿದ್ದಾರೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಬಂದು ಕೂತರು. ಎಲೆಗೆ ನೀರು ಚಿಮುಕಿಸಿ ಒರೆಸಿದರು. ಆಮೇಲೆ ಮೆಲ್ಲಗೆ ಹೇಳಿದರು.

"ಮೂರ್ನೇ ಉಸ್ರು ಸಾಲ್ಲಿಲ್ಲ ತಮಾ. ಅಷ್ಟರಾಗೆ ಎಂತದೂ ಗೊತ್ತಾಗೂದಿಲ್ಲ."

ಆಮೇಲೆ ಒಂದು ಮಳೆಗಾಲದಲ್ಲಿ ಅವರಿಗೆ ಜ್ವರ ಬಂತು. ಹದಿನೈದು ದಿನ ಗ್ಯಾರೇಜು ಮುಚ್ಚಿತ್ತು. ತೆಗೆದಾಗ ಮೇಸ್ತ್ರಿ ಇನ್ನಷ್ಟು ಸಣಕಲಾಗಿದ್ದರು, ಚಡ್ಡಿ ಮೂರು ಅಳತೆ ದೊಡ್ಡದಾಗಿತ್ತು, ಮತ್ತು ಅವರು ಪ್ರಶ್ನೆ ಕೇಳುವುದನ್ನು ಕಲಿತಿದ್ದರು. ಮೊದಲೆಲ್ಲ ಗಿರಾಕಿ ಬಾಯಿ ಬಿಟ್ಟರೆ "ಪುರೋ" ಎಂದು ಕೊಂಕಣಿಯಲ್ಲಿ ತಡೆಯುತ್ತಿದ್ದವರು, ಸಾಕು, ಗಾಡಿ ಹೇಳಲಿ ಎನ್ನುವಂತೆ. ಈಗ ಅವರೇ ಕೆದಕಿ ಕೇಳುತ್ತಿದ್ದರು. ನಾತ ಸ್ಟಾರ್ಟ್ ಮಾಡಿದ ಕೂಡಲೇ ಬರುತ್ತದೋ, ಹತ್ತು ಮೈಲಿ ಹೋದ ಮೇಲೋ? ಹತ್ತುವಾಗಲೋ, ಇಳಿಯುವಾಗಲೋ? ಏಸಿ ಹಾಕಿದರೆ ಕೀಚಲು ಸದ್ದು ಉಂಟೋ? ನಿಲ್ಲಿಸಿದ ಮೇಲೆ ಯಾವ ಚಕ್ರ ಬಿಸಿ? ಕೇಳುತ್ತ ಕೇಳುತ್ತ ಅಂಗೈಯ ಹಿಂಬದಿಯನ್ನು ಒಂದೊಂದೇ ಚಕ್ರದ ಹತ್ತಿರ ಹಿಡಿಯುತ್ತಿದ್ದರು, ಜ್ವರದ ಮಗುವಿನ ಹಣೆ ನೋಡುವಂತೆ.

"ಎಂತಾ ನಾತ ಹೇಳು ನೋಡ್ವಾ. ಕಂಬ್ಳಿಯಾ, ಚಪ್ಲಿಯಾ?"

ಗಿರಾಕಿಗಳಿಗೆ ಇದು ಪರೀಕ್ಷೆ ಎನಿಸಿತು. ಸರಿ ಉತ್ತರ ಹೇಳಿದವರು ಎದೆ ಉಬ್ಬಿಸಿ ಹೋಗುತ್ತಿದ್ದರು. ನಿವೃತ್ತ ಹೆಡ್ ಮಾಸ್ತರರೊಬ್ಬರು "ಎರಡು ಸಲ ಬಂದೆ, ಎರಡು ಸಲವೂ ಪಾಸು" ಎಂದು ಹೇಳಿಕೊಂಡು ತಿರುಗಿದರು.

ಹೊಸ ಮೇಸ್ತ್ರಿಯನ್ನು ನನ್ನ ಕಾರ್ಯಕ್ರಮಕ್ಕೆ ಸೇರಿಸಬೇಕಲ್ಲ? ಮನೆಯಲ್ಲಿ ಕಪಾಟಿನ ಕನ್ನಡಿಯ ಮುಂದೆ ಅಭ್ಯಾಸ ಶುರು ಮಾಡಿದೆ. ಎರಡು ಗಿಡ್ಡ, ಒಂದು ಉದ್ದ. ಆಮೇಲೆ ಏನೋ ತಪ್ಪುತ್ತಿತ್ತು. ಹತ್ತು ಸಲ ಮಾಡಿದ ಮೇಲೆ ಗೊತ್ತಾಯಿತು, ತಪ್ಪುತ್ತಿದ್ದದ್ದು ಮೂಗಿನಲ್ಲಿ ಅಲ್ಲ, ಕಣ್ಣಿನಲ್ಲಿ. ಮೊದಲಿನ ಮೇಸ್ತ್ರಿ ಉತ್ತರ ಹೇಳುವ ತನಕ ಕಣ್ಣು ತೆಗೆಯುತ್ತಿರಲಿಲ್ಲ. ಈಗಿನವರು ಉದ್ದ ಉಸಿರು ಮುಗಿಯುವ ಮೊದಲೇ ಅರ್ಧ ಕಣ್ಣು ತೆಗೆದು ಗಿರಾಕಿಯ ಮುಖ ನೋಡುತ್ತಿದ್ದರು. ಹಾಗೆ ಮಾಡಿದೆ. ಥೇಟು ಅವರೇ. ಆದರೆ ಹಾಗೆ ಮಾಡುವಾಗ ನನ್ನ ಮೂಗಿಗೆ ಕೆಲಸವೇ ಇಲ್ಲ. ಉತ್ತರ ಎದುರಿನವನ ಮುಖದಲ್ಲಿದೆ ಎಂದು ಕಾಯುವವನ ನೋಟ ಅದು. ಮಿಮಿಕ್ರಿಯವರ ಕರ್ಮ ಇದು. ಇನ್ನೊಬ್ಬರ ಮುಖ ಹಾಕಿಕೊಂಡರೆ ಅದರ ಹಿಂದೆ ಮುಚ್ಚಿಟ್ಟದ್ದೂ ಜೊತೆಗೆ ಬಂದುಬಿಡುತ್ತದೆ.

ಮರುದಿನ ಮಧ್ಯಾಹ್ನ ಬಾಳೆಗುಳಿಗೆ ಹೋದೆ. ಮೇಸ್ತ್ರಿ ಕೋಣೆಯಲ್ಲಿ ಕೂತು ಬುತ್ತಿ ಬಿಚ್ಚಿ ಉಣ್ಣುತ್ತಿದ್ದರು. ಬಾಗಿಲಲ್ಲೇ ನನ್ನ ಮೂಗಿಗೆ ಹಳಸು ಹೊಡೆಯಿತು.

"ಸಾರು ಹೆಂಗಿದೆ ಮೇಸ್ತ್ರಿ?"

"ಲಾಯ್ಕದೆ. ಉಣ್ತ್ಯಾ?"

"ಹಳಸಿದೆ."

ಅವರು ಕೈಯಲ್ಲಿದ್ದ ತುತ್ತನ್ನು ಬುತ್ತಿಗೆ ಇಳಿಸಿದರು.

"ಯಾರಿಗೆ ಹೇಳ್ದೆ?"

"ಯಾರಿಗೂ ಹೇಳ್ಲಿಲ್ಲ."

"ನೀ ಯಾರಿಗೂ ಹೇಳ್ದೆ ಇದ್ದದ್ದು ಇದೇ ಮೊದ್ಲು ಕಾಣ್ತದೆ" ಎಂದು ಕೈ ತೊಳೆದುಕೊಂಡರು.

ಜ್ವರ ಹೋಗುವಾಗ ಮೂಗನ್ನೂ ಕರೆದುಕೊಂಡು ಹೋಗಿತ್ತು. ಡಾಕ್ಟರು ಬರಬಹುದು ಎಂದಿದ್ದರಂತೆ. ಕಾಯುತ್ತಿದ್ದರು. ಹೆಂಡತಿಗೆ ಕೂಡ ಹೇಳಿರಲಿಲ್ಲ. ಆಕೆ ಬೆಳಗಿನ ಗಡಿಬಿಡಿಯಲ್ಲಿ ನಿನ್ನೆಯ ಸಾರು ಕಟ್ಟಿ ಕಳಿಸಿದ್ದರು, ಹಳಸಿದ್ದರೆ ಗಂಡ ಹೇಳುತ್ತಾನೆ ಎಂಬ ನಂಬಿಕೆಯಲ್ಲಿ. ಆ ಮನೆಯಲ್ಲೂ ಮೂಗು ಅವರೇ ಆಗಿದ್ದರು.

"ಗಾಡಿ ಕೆಲ್ಸಕ್ಕೆ ತೊಂದ್ರೆ ಇಲ್ಲ ತಮಾ. ಕೇಳಿ, ಮುಟ್ಟಿ, ಓಡ್ಸಿ ಹಿಡೀತೆ. ನೂರಕ್ಕೆ ತೊಂಬತ್ತು ಸಿಕ್ತದೆ. ಆದ್ರೆ ಕೆಲವಕ್ಕೆ ನಾತ ಬಿಟ್ರೆ ಬೇರೆ ಗುರ್ತೇ ಇರೂದಿಲ್ಲ. ಅಂಥದ್ದು ಒಂದು ಕೈ ತಪ್ಪಿ ಹೋದ್ರೆ? ಒಳಗೆ ಜನ ಕೂತಿರ್ತ್ರು."

"ಹಂಗಾದ್ರೆ ಮುಚ್ಚಿಬಿಡಿ" ಎಂದೆ. ಇನ್ನೊಬ್ಬರ ಅಂಗಡಿ ಮುಚ್ಚಿಸುವುದು ಬಾಯಿಮಾತಿಗೆ ಎಷ್ಟು ಸಲೀಸು.

"ಮುಚ್ಚಿ ಎಂತಾ ಮಾಡ್ಲಿ? ಮನೆಲಿ ಕೂತು ಹಳಸಿದ್ದು ಉಣ್ಲ್ಯಾ?" ಎಂದರು. ಆಮೇಲೆ ದನಿ ಇಳಿಸಿದರು. "ನೀ ವಾರದಾಗೆ ನಾಕು ದಿನ ಈ ದಾರಿಯಾಗೆ ಹೋಗ್ತೆ. ಸ್ವಲ್ಪ ನಿಲ್ಸಿ ಹೋಗು."

ಹೀಗೆ ನಾನು ಬಾಳೆಗುಳಿಯ ಉಪ ಮೂಗಾಗಿ ನೇಮಕಗೊಂಡೆ. ಅನುಮಾನದ ಗಾಡಿಗಳನ್ನು ಮೇಸ್ತ್ರಿ ನಾನು ಬರುವ ತನಕ ಏನಾದರೂ ನೆಪ ಹೇಳಿ ನಿಲ್ಲಿಸಿಕೊಳ್ಳುತ್ತಿದ್ದರು. ನಾನು ಯಾರೋ ದಾರಿಹೋಕನಂತೆ ಬಂದು, ಮೂಗು ಮುಚ್ಚಿ, "ಇದೆಂತ ಮಾರಾಯ್ರೆ, ಕಂಬಳಿ ಕರ್ದ ಹಂಗೆ ನಾತ" ಎಂದು ಊರಿಗೇ ಕೇಳುವಂತೆ ಗೊಣಗುತ್ತಿದ್ದೆ. ಆಮೇಲೆ ಅವರು ಕನ್ನಡಕ ತೆಗೆದು, ಕಣ್ಣು ಮುಚ್ಚಿ, ಎರಡು ಗಿಡ್ಡ ಒಂದು ಉದ್ದ ಉಸಿರು ಎಳೆದು, ಬ್ರೇಕು ಎನ್ನುತ್ತಿದ್ದರು. ಗಿರಾಕಿ ನನ್ನ ಕಡೆ ತಿರುಗಿ ಹುಬ್ಬು ಹಾರಿಸುತ್ತಿದ್ದ, ನೋಡಿದ್ಯಾ ನಮ್ಮ ಮೇಸ್ತ್ರಿಯ ಮೂಗು ಎನ್ನುವಂತೆ. ನಾನೂ ಬೆರಗಾಗುತ್ತಿದ್ದೆ. ಬೆರಗಾಗುವುದನ್ನು ಚೆನ್ನಾಗಿ ಮಾಡುತ್ತೇನೆ. ಒಳಗೊಳಗೇ ಕೊಬ್ಬೂ ಬಂದಿತ್ತು. ಅಷ್ಟು ವರ್ಷ ಇನ್ನೊಬ್ಬರ ಧ್ವನಿಯಲ್ಲಿ ಮಾತಾಡಿದವನ ಮೂಗಿನಿಂದ ಈಗ ಇನ್ನೊಬ್ಬರ ಹೆಸರು ನಡೆಯುತ್ತಿತ್ತು. ಒಂದೂವರೆ ವರ್ಷ ನಡೆಯಿತು. ಒಂದೂ ತಪ್ಪಲಿಲ್ಲ.

ಅಷ್ಟರಲ್ಲಿ ಗುಲಾಬಿ ಅಕ್ಕ ಬಂದಳು. ಬೇಲೇಕೇರಿಯಲ್ಲಿ ಮೀನು ತುಂಬಿಕೊಂಡು ಹುಬ್ಬಳ್ಳಿ ರಸ್ತೆಯ ಊರುಗಳಿಗೆ ತಾನೇ ವ್ಯಾನು ಓಡಿಸಿಕೊಂಡು ಹೋಗಿ ಮಾರುವವಳು. ತಲೆಯ ಮೇಲೆ ಬುಟ್ಟಿ ಹೊತ್ತು ಮೂವತ್ತು ವರ್ಷ ನಡೆದು, ಆಮೇಲೆ ಸ್ಟೀರಿಂಗ್ ಹಿಡಿದವಳು. ವ್ಯಾನಿನ ನೆತ್ತಿಗೆ ಒಂದು ಸ್ಪೀಕರು ಇತ್ತು. ಅದರಲ್ಲಿ "ಬಂಗ್ಡೆ ಬಂತು, ತಾರ್ಲೆ ಬಂತು, ಬೆಕ್ಕು ಬರುವ ಮೊದಲು ನೀವು ಬನ್ನಿ" ಎಂದು ಕೂಗುವ ಧ್ವನಿ ನನ್ನದೇ. ರೆಕಾರ್ಡ್ ಮಾಡಿಕೊಟ್ಟವನೂ ನಾನೇ. ಸ್ಪೀಕರಿಗೆ ತಂತಿ ಎಳೆದವನೂ ನಾನೇ. ಡ್ಯಾಶ್‌ಬೋರ್ಡಿನ ಹಿಂದೆ ಕೈಗೆ ಸಿಕ್ಕಿದ ಕಡೆ ಸೇರಿಸಿ, ಟೇಪು ಸುತ್ತಿ, ಫ್ಯೂಸು ಗೀಸು ಆಮೇಲೆ ನೋಡುವಾ ಎಂದು ಬಿಟ್ಟಿದ್ದೆ. ಕಲಾವಿದರಿಗೆ ಅಂಥ ಸಣ್ಣಪುಟ್ಟದ್ದು ನೆನಪಿರುವುದಿಲ್ಲ.

"ಅಣ್ಣಾ, ಘಟ್ಟ ಇಳಿವಾಗ ರಬ್ಬರ್ ಸುಟ್ಟ ನಾತ" ಎಂದಳು ಗುಲಾಬಿ ಅಕ್ಕ.

ಮೇಸ್ತ್ರಿ ಅಂಗೈ ಹಿಂಬದಿಯನ್ನು ನಾಲ್ಕೂ ಚಕ್ರಕ್ಕೆ ಹಿಡಿದರು. ಹಿಂದಿನ ಎಡಚಕ್ರ ಕೆಂಡ. ಮಂಜುಗಡ್ಡೆ ಕರಗಿದ ಉಪ್ಪುನೀರು ದಿನವೂ ಅಲ್ಲೇ ತೊಟ್ಟಿಕ್ಕಿ ಹ್ಯಾಂಡ್ ಬ್ರೇಕಿನ ಕೇಬಲ್ಲು ತುಕ್ಕು ಹಿಡಿದಿತ್ತು. ಬ್ರೇಕು ಹಿಡಿದುಕೊಂಡರೆ ಬಿಡುತ್ತಿರಲಿಲ್ಲ. ಬಿಚ್ಚಿ, ಉಜ್ಜಿ, ಕೇಬಲ್ಲು ಬದಲಿಸಿದರು. ನೀರು ಆಚೆ ಬೀಳಲಿ ಎಂದು ಒಂದು ಪೈಪು ಕಟ್ಟಿದರು. ಎಲ್ಲ ಮುಗಿದ ಮೇಲೆ, ಸುಮ್ಮನೆ ಕಳಿಸಲು ಮನಸ್ಸಾಗದೆ ನನ್ನನ್ನು ಕರೆದರು.

"ತಮಾ, ಮುಂದ್ಗಡೆ ಒಳಗೆ ತಲೆ ಹಾಕು. ಬೇರೆ ಎಂತಾದ್ರೂ ಬರ್ತದ್ಯಾ?"

ತಲೆ ಹಾಕಿದೆ. "ಮೀನು."

"ಎಂತಾ ಮೀನು?"

"ಮೇಸ್ತ್ರಿ, ಮೀನಿನ ಗಾಡಿಲಿ ಮಲ್ಲಿಗೆ ಬರ್ತದ್ಯಾ?"

ಗುಲಾಬಿ ಅಕ್ಕ ನಕ್ಕಳು. ಕಾಯುತ್ತಿದ್ದ ಇಬ್ಬರು ಗಿರಾಕಿಗಳು ನಕ್ಕರು. ಮೇಸ್ತ್ರಿ ನಗುವುದು ಸ್ವಲ್ಪ ತಡವಾಯಿತು.

"ಪೆಟ್ಗೆ ಎಲ್ಲಾ ತೊಳ್ದು ತಂದಿದ್ಯೇನೆ?" ಎಂದು ಅವಳನ್ನು ಕೇಳಿದರು.

"ಎರಡು ಸಲ ತೊಳ್ದಿದ್ದೆ ಅಣ್ಣಾ. ಅದು ಜನ್ಮಕ್ಕೆ ಹೋಗೂ ನಾತ ಅಲ್ಲ."

ಅವರು ಇನ್ನೇನೋ ಕೇಳುವವರಿದ್ದರು. ಅಷ್ಟರಲ್ಲಿ ನಾನು ಸ್ಪೀಕರಿನ ಧ್ವನಿಯಲ್ಲಿ "ಬೆಕ್ಕು ಬರುವ ಮೊದಲು ನೀವು ಬನ್ನಿ" ಎಂದು ಶುರು ಮಾಡಿದೆ, ಮತ್ತೆ ಎಲ್ಲರೂ ನಕ್ಕರು. ವ್ಯಾನು ಹೋಯಿತು.

ಮೂರನೇ ದಿನ ಬೆಳಿಗ್ಗೆ ಅದೇ ವ್ಯಾನು ಬಾಳೆಗುಳಿಯ ತಿರುವಿನಲ್ಲಿ, ಗ್ಯಾರೇಜಿನ ಕಣ್ಣಳತೆಯಲ್ಲೇ, ಡ್ಯಾಶ್‌ಬೋರ್ಡಿನಿಂದ ಹೊಗೆ ಬಿಟ್ಟಿತು. ನಾನು ಚಹಾ ಕುಡಿಯುತ್ತಿದ್ದೆ. "ತಾರ್ಲೆ ಬಂತು" ಎಂದು ಕೂಗುತ್ತಿದ್ದ ನನ್ನ ಧ್ವನಿ ನಡುವೆಯೇ ಎಳೆದು ಎಳೆದು ಎಮ್ಮೆಯ ಧ್ವನಿಯಾಗಿ ನಿಂತಿತು. ನೋಡಿದರೆ ಗಾಜಿನ ಒಳಗೆ ಬೆಂಕಿ. ಗುಲಾಬಿ ಅಕ್ಕ ಹೊರಗೆ ಹಾರಿದವಳು, ಕೀಲಿ ತೆಗೆಯಲಿಲ್ಲ ಎಂದು ಮತ್ತೆ ಒಳಗೆ ಕೈ ಹಾಕಿದಳು. ಕರಗಿದ ಪ್ಲಾಸ್ಟಿಕ್ಕು ಬಲಗೈಗೆ ಅಂಟಿತು. ಮೇಸ್ತ್ರಿ ಓಡಿ ಬಂದು ಬ್ಯಾಟರಿಯ ತಂತಿ ಕಿತ್ತರು. ನಾನೂ ರಸ್ತೆಯಲ್ಲಿ ನಿಂತ ಲಾರಿಯವರೂ ಮರಳು ಎರಚಿದೆವು. ಬೆಂಕಿ ಆರಿತು. ಹಿಂದೆ ಮೂರು ಪೆಟ್ಟಿಗೆ ಬಂಗಡೆ ಏನೂ ಆಗದೆ ಕಣ್ಣು ಬಿಟ್ಟುಕೊಂಡು ಮಲಗಿತ್ತು.

ಅವಳನ್ನು ಆಸ್ಪತ್ರೆಗೆ ಬಿಟ್ಟು ವಾಪಸು ಬಂದಾಗ ಮೇಸ್ತ್ರಿ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತಿದ್ದರು. ಕೈಯಲ್ಲಿ ನನ್ನ ತಂತಿ. ಮೇಲಿನ ಪ್ಲಾಸ್ಟಿಕ್ಕು ಕರಗಿ ಒಳಗಿನ ತಾಮ್ರ ಕಪ್ಪಾಗಿತ್ತು.

"ವೈರು ಸುಡೂಕೆ ಶುರು ಆದ್ರೆ ಮೊದ್ಲಿಗೆ ರಬ್ಬರ್ ನಾತ ಬರೂದಿಲ್ಲ ತಮಾ. ಮೀನು ನಾತ ಬರ್ತದೆ. ಬೇರೆ ಊರಾಗೆ ಕಾರಿನ ಒಳಗೆ ಮೀನು ನಾತ ಬಂದ್ರೆ ಜನ ಹೆದ್ರಿ ಇಳೀತ್ರು. ನಮ್ಮ ಊರಾಗೆ ಹಸಿವಾಗ್ತದೆ."

ಅವತ್ತು ನಾನು ಯಾರ ಧ್ವನಿಯನ್ನೂ ಹಾಕಿಕೊಳ್ಳಲಿಲ್ಲ. "ತಂತಿ ಕಟ್ಟಿದ್ದು ನಾನು. ಮೀನು ಅಂದದ್ದೂ ನಾನೇ" ಎಂದೆ.

"ತಂತಿ ಎಲ್ಲರೂ ಕಟ್ತ್ರು. ಅದನ್ನ ಹಿಡಿಯೂಕೇ ನಾ ಇಲ್ಲಿ ಕೂತದ್ದು. ಮೀನು ಇರೂದು ಹಿಂದೆ. ನೀ ತಲೆ ಹಾಕಿದ್ದು ಮುಂದೆ. ಪೆಟ್ಗೆ ಬೇರೆ ತೊಳ್ದದ್ದು." ಅವರು ತಂತಿಯನ್ನು ಮೂಗಿನ ಹತ್ತಿರ ಒಯ್ದು ಸುಮ್ಮನೆ ಕೆಳಗಿಟ್ಟರು. "ನಂಗೆ ಆ ಮೀನು ಬೇರೆ, ಈ ಮೀನು ಬೇರೆ ಅಂತ ಗೊತ್ತಾಗ್ತಿತ್ತು."

ಮರುದಿನದಿಂದ ಅವರು ಬಂದವರಿಗೆಲ್ಲ ನಿಜ ಹೇಳಲು ಶುರು ಮಾಡಿದರು. ತನಗೆ ಎರಡು ವರ್ಷದಿಂದ ವಾಸನೆ ಬರುವುದಿಲ್ಲ, ಬೇರೆ ಕಡೆ ತೋರಿಸಿ ಎಂದು. ಯಾರೂ ನಂಬಲಿಲ್ಲ. ಗುಲಾಬಿಯ ಗಾಡಿಯ ಬೇಜಾರಿಗೆ ಹೀಗೆ ಹೇಳುತ್ತಾರೆ ಎಂದರು. ಹೆಡ್ ಮಾಸ್ತರರು ಇದು ವಿನಯ ಎಂದರು. ದೊಡ್ಡವರ ಲಕ್ಷಣವೇ ಹಾಗಂತೆ. ಕೊನೆಗೆ ಮೇಸ್ತ್ರಿ ನನ್ನನ್ನೇ ಎದುರಿಗೆ ನಿಲ್ಲಿಸಿ, "ನಾ ಹ್ಯಾಂಗೆ ಮೋಸ ಮಾಡ್ತಿದ್ದೆ ಅಂತ ಮಾಡಿ ತೋರ್ಸು, ಇವ್ರು ನೋಡ್ಲಿ" ಎಂದರು. ಮಾಡಿದೆ. ಕನ್ನಡಕ, ಮೂರು ಉಸಿರು, ಅರ್ಧ ತೆರೆದ ಕಣ್ಣು, ಗಿರಾಕಿಯ ಮುಖ ಓದುವ ಆ ನೋಟ. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ಯಾರನ್ನೂ ಮಾಡಿರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿ, ಈಗ ಎಂಎಲ್‌ಎ ಮಾಡು ಎಂದರು.

ಗುಲಾಬಿ ಅಕ್ಕನೇ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಬಂದು ಸಮಾಧಾನ ಹೇಳಿದಳು. "ಮೀನಿನ ಗಾಡಿಲಿ ಮೀನು ನಾತ ಯಾರಿಗೆ ತಿಳೀತದೆ ಅಣ್ಣಾ. ಮೀನಿನಾಗೇ ಹುಟ್ಟಿ ಬೆಳ್ದ ನಂಗೇ ತಿಳೀಲಿಲ್ಲ."

"ತಿಳ್ಕೊಳ್ಳೂದು ನಿನ್ನ ಕೆಲ್ಸ ಅಲ್ಲ" ಎಂದರು ಮೇಸ್ತ್ರಿ. ಅವಳ ಕೈ ನೋಡಿದರು. ಬಲಗೈ. ಮೀನು ಕೊಯ್ಯುವ ಕೈ. ಅವತ್ತು ಸಂಜೆ ಶಟರು ಎಳೆದರು.

ವ್ಯಾನಿಗೆ ಹೊಸ ಡ್ಯಾಶ್‌ಬೋರ್ಡು ಕೂರಿಸಿ ತಂದ ಮೇಲೆ ಗುಲಾಬಿ ಅಕ್ಕನಿಗೆ ಭಯ. ಸ್ಟಾರ್ಟ್ ಮಾಡಿದರೆ ಏನೋ ನಾತ ಬಂದಂತೆ ಆಗುತ್ತದೆ, ಬರುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ. ಮೇಸ್ತ್ರಿಯನ್ನೇ ಕೇಳಿದಳು, ಇನ್ನು ಯಾರಿಗೆ ತೋರಿಸಲಿ ಎಂದು. ಅವರು ಅಂಕೋಲೆ ಪೇಟೆಯಲ್ಲಿ ಹೊಸದಾಗಿ ಗ್ಯಾರೇಜು ಹಾಕಿದ್ದ ಒಬ್ಬ ಯುವಕನ ಹೆಸರು ಹೇಳಿದರು. ಗಾಡಿಗೆ ಮಿಷನ್ನು ಚುಚ್ಚಿ ಪರದೆಯಲ್ಲಿ ರೋಗ ಓದುವವನು. ಮೇಸ್ತ್ರಿ ಅವನನ್ನು ಇಷ್ಟು ದಿನ ಟಿವಿ ರಿಪೇರಿಯವನು ಎಂದೇ ಕರೆಯುತ್ತಿದ್ದರು. "ನಾನೂ ಬರ್ತೆ ನಡಿ" ಎಂದರು. ಅವಳ ಕೈ ಇನ್ನೂ ವಾಸಿಯಾಗಿರದ ಕಾರಣ ಓಡಿಸಿದವನು ನಾನು.

ಅಲ್ಲಿ ಏಳೆಂಟು ಗಾಡಿ, ಹತ್ತಿಪ್ಪತ್ತು ಜನ. ಅರ್ಧ ಜನ ಬಾಳೆಗುಳಿಯ ಹಳೆಯ ಗಿರಾಕಿಗಳೇ. ಮೇಸ್ತ್ರಿ ಇಳಿದದ್ದು ನೋಡಿ ಎಲ್ಲರೂ ಸುತ್ತ ಸೇರಿದರು. ಆ ಯುವಕ ಗಡಿಬಿಡಿಯಲ್ಲಿ ಕೈ ಒರೆಸಿಕೊಂಡು ಬಂದು ಮಿಷನ್ನು ಚುಚ್ಚಿದ. ಪರದೆ ಎಲ್ಲ ಸರಿ ಇದೆ ಎಂದಿತು. ಅವನು ಒಳ್ಳೆಯ ಮನೆತನದವನು, ಹಿರಿಯರ ಮುಂದೆ ಅಷ್ಟಕ್ಕೇ ನಿಲ್ಲಿಸಲಿಲ್ಲ.

"ನೀವೇ ಬಂದೀರಿ. ಒಮ್ಮೆ ಮೂಸಿ ಹೇಳಿಬಿಡಿ ಮೇಸ್ತ್ರಿ. ನಿಮ್ಮ ಮೂಗಿನ ಮುಂದೆ ಇದೆಂತ."

ಸುತ್ತ ಇದ್ದವರು ಜಾಗ ಬಿಟ್ಟು ಹಿಂದೆ ಸರಿದರು. ಮೇಸ್ತ್ರಿಯ ಕೈ ಕನ್ನಡಕಕ್ಕೆ ಹೋಯಿತು. ತೆಗೆದರು. ಬಾನೆಟ್ಟಿನ ಮೇಲೆ ಇಡಲಿಲ್ಲ, ಕೈಯಲ್ಲೇ ಹಿಡಿದುಕೊಂಡು ನಿಂತರು.

"ನಂಗೆ ಬರೂದಿಲ್ಲ. ನೀ ಮೂಸು."

ಯಾರೋ ಹಿಂದಿನಿಂದ ನಕ್ಕರು, ಮುಂದೆ ಜೋಕು ಬರುತ್ತದೆ ಎಂದು. ಜೋಕು ಬರಲಿಲ್ಲ. ಯುವಕ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

"ಮಷ್ಕಿರಿ ಅಲ್ಲ. ಡ್ಯಾಶಿನ ಅಡಿಗೆ ತಲೆ ಹಾಕು. ಕಣ್ಣು ಮುಚ್ಕೋ. ಎಂತಾ ಬರ್ತದೆ?"

ಅವನು ಸೀಟಿನ ಕೆಳಗೆ ಅರ್ಧ ಮೈ ತೂರಿಸಿದ. "ಮೀನು ಬರ್ತದೆ ಮೇಸ್ತ್ರಿ."

"ಹಿಂದಿಂದಾ, ಮುಂದಿಂದಾ?"

ಒಳಗಿನಿಂದ ಮೂಸುವ ಸದ್ದು ಬಂತು. "ಹಿಂದಿಂದ. ಹಳೇ ಬಂಗ್ಡೆ. ಮುಂದೆ ಹೊಸ ಪ್ಲಾಸ್ಟಿಕ್ಕು ಮಾತ್ರ."

"ಮತ್ತೊಂದ್ಸಲ."

ಅವನು ಮತ್ತೊಂದು ಸಲ ಮೂಸಿದ. ಮೇಸ್ತ್ರಿ ವ್ಯಾನು ಸ್ಟಾರ್ಟ್ ಮಾಡಿಸಿ, ದೀಪ ಹಾಕಿಸಿ, ಹತ್ತು ನಿಮಿಷ ಬಿಟ್ಟು ಮೂರನೇ ಸಲವೂ ಮೂಸಿಸಿದರು. ಅಷ್ಟು ಹೊತ್ತೂ ಅವರು ಏನೂ ಗೊತ್ತಿಲ್ಲದವರಂತೆ, ಡಾಕ್ಟರ ಕೋಣೆಯ ಹೊರಗೆ ನಿಂತವರಂತೆ, ಕಿವಿ ಕೊಟ್ಟು ಕಾದರು. ಈಗ ಯಾರೂ ನಗುತ್ತಿರಲಿಲ್ಲ. ಹೆಡ್ ಮಾಸ್ತರರು ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು.

"ಎಂತದೂ ಇಲ್ಲ ಮೇಸ್ತ್ರಿ. ಮೀನೇ. ಹಿಂದಿಂದೇ."

ಮೇಸ್ತ್ರಿ ಕನ್ನಡಕ ಹಾಕಿಕೊಂಡು ಗುಲಾಬಿ ಅಕ್ಕನ ಕಡೆ ತಿರುಗಿದರು.

"ಇನ್ನು ಇಲ್ಲಿಗೇ ಬಾ."